ವೇದಿಕೆಯಿಂದ ಇಳಿದು ಓಡಿದ ಗುರುಗಳು

ಮೋಟಾರು ವಾಹನ ದುರಸ್ತಿಯೆಂಬ ವಿದ್ಯೆಯನ್ನು ಗ್ಯಾರೇಜುಗಳ ಬೈಗುಳ ಹೊಡೆತಗಳ ನಡುವೆ ಕದ್ದು ಕಲಿಯಬೇಕಾಗಿದ್ದ ಕಾಲದಿಂದ, ಕರಿಹಲಗೆಯ ಮುಂದೆ ಕುಳಿತು, ಪ್ರಶ್ನೆ ಕೇಳಿ, ಕಾರಣ ತಿಳಿದು ಕಲಿಯುವ ಕಾಲಕ್ಕೆ ಹಾವೇರಿ ಸೀಮೆಯನ್ನು ತಂದು ನಿಲ್ಲಿಸಿದ ಕೆಲವೇ ಹಿರಿಯರಲ್ಲಿ ಶ್ರೀ ಶಮಶೇರಸಾಬ ಕಿಲ್ಲೇದಾರ ಗುರುಗಳು ಒಬ್ಬರು. ಕುಮಾರಪಟ್ಟಣದ ಹೊಳೆದಂಡೆಯಿಂದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರೆಗೆ ಓಡಾಡುವ ಲಾರಿ, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಅವರ ಶಿಷ್ಯರ ಕೈ ತಾಗದ ಗಾಡಿ ಸಿಗುವುದು ಕಷ್ಟವೆಂದರೆ ಅದು ಹೊಗಳಿಕೆಯ ಮಾತಲ್ಲ. ರಸ್ತೆಯ ಬದಿಯಲ್ಲಿ ಗಾಡಿ ಕೆಟ್ಟು ನಿಂತವರೆಲ್ಲ ಒಂದಿಲ್ಲೊಂದು ದಿನ ಕಂಡುಕೊಂಡ ಸಂಗತಿ.

ಅವರ ನಿವೃತ್ತಿಯ ನೆನಪಿಗೆ ಈ ಸಂಪುಟವನ್ನು ತರಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಶ್ಚಯಿಸಿ ಮನೆಗೆ ಹೋದಾಗ ಗುರುಗಳು ಒಂದು ಕರಾರು ಹಾಕಿದರು. “ಆ ದಿನದ ಸುದ್ದಿ ಬರೀದಿದ್ರ ಪುಸ್ತಕನ ಬ್ಯಾಡ್ರಿ. ಬರೀ ಛಲೋ ಮಾತ ಬರದ್ರ ನಾ ಅದನ್ನ ಓದೂದಿಲ್ಲ,” ಎಂದರು. ಅಭಿನಂದನೆಯ ಪುಸ್ತಕದಲ್ಲಿ ಅಂಥ ಪ್ರಸಂಗ ಸಲ್ಲುವುದೇ ಎಂದು ಸಮಿತಿಯವರು ಬಹಳ ಚರ್ಚಿಸಿದರು. ಕೊನೆಗೆ ಗುರುಗಳ ಮಾತೇ ನಡೆಯಿತು. ಆದ್ದರಿಂದ ಈ ಲೇಖನದ ಬಹುಭಾಗ ಆ ಒಂದೇ ದಿನಕ್ಕೂ ಅದರ ಬೆನ್ನಿಗೆ ಬಂದ ದಿನಗಳಿಗೂ ಮೀಸಲಾಗಿದೆ.

ಶಮಶೇರಸಾಬರು ಹುಟ್ಟಿದ್ದು ಗುತ್ತಲದಲ್ಲಿ. ತಂದೆ ಚಕ್ಕಡಿಯ ಗಾಲಿಗಳಿಗೆ ಕಬ್ಬಿಣದ ಹಳಿ ಕಟ್ಟುತ್ತಿದ್ದರು. ಓದು ಸ್ವಲ್ಪಕಾಲ ಹೊಸರಿತ್ತಿಯಲ್ಲಿ. ಅಲ್ಲಿನ ಶಾಲೆಯಲ್ಲಿ ಓದಿನಷ್ಟೇ ಕೈಕೆಲಸಕ್ಕೂ ಬೆಲೆಯಿತ್ತು, ಅಂಗಳ ಗುಡಿಸುವುದರಲ್ಲಿ ಮೇಲು ಕೀಳು ಇರಲಿಲ್ಲ. ಮುಂದೆ ತಾಂತ್ರಿಕ ಶಿಕ್ಷಣ ಮುಗಿಸಿ ನಮ್ಮ ಸಂಗಮ ತಾಂತ್ರಿಕ ತರಬೇತಿ ಕೇಂದ್ರದ ಹಾವೇರಿ ಶಾಖೆಗೆ ಬೋಧಕರಾಗಿ ಸೇರಿದರು. ಅಲ್ಲಿಂದ ಬ್ಯಾಡಗಿಗೆ, ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ವರ್ಗವಾಗುತ್ತ ಮೂರೂ ಊರುಗಳಲ್ಲಿ ಒಂದು ತಲೆಮಾರಿನ ಮೆಕ್ಯಾನಿಕರನ್ನು ಬೆಳೆಸಿದರು.

ಹಾವೇರಿಯಲ್ಲಿದ್ದಾಗ ಅಯಾಜ್ ಎಂಬ, ಎಡಗೈಯಲ್ಲೇ ಕೆಲಸ ಮಾಡುವ ವಿದ್ಯಾರ್ಥಿ ಪ್ರತಿಯೊಂದು ಕೆಲಸದಲ್ಲೂ ಹಿಂದೆ ಬೀಳುತ್ತಿದ್ದ. ಉಳಿದವರು ನಗುತ್ತಿದ್ದರು. ಗುರುಗಳು ಒಂದು ಭಾನುವಾರ ಒಬ್ಬರೇ ಬಂದು ಕೆಲಸದ ಮೇಜಿನ ಮೇಲೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಇಕ್ಕಳವನ್ನು ಬಿಚ್ಚಿ, ತಿರುಗಿಸಿ, ಅವನ ಕೈಗೆ ಒಪ್ಪುವಂತೆ ಕೂಡಿಸಿಟ್ಟರು, ಯಾರಿಗೂ ಹೇಳಲಿಲ್ಲ. ಸೋಮವಾರ ಅಯಾಜ್‌ಗೆ ತನ್ನ ಕೈ ಏಕಾಏಕಿ ಚುರುಕಾದದ್ದೇಕೆಂದು ತಿಳಿಯಲೇ ಇಲ್ಲ. ಇಂದು ಆತ ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ದೊಡ್ಡ ಗ್ಯಾರೇಜಿನ ಮಾಲೀಕ. ಬ್ಯಾಡಗಿಯಲ್ಲಿ ಮನೋಹರನೆಂಬುವನು ವಿದ್ಯುತ್ ತಂತಿಗಳ ಪಾಠದಲ್ಲಿ ಮೇಲಿಂದ ಮೇಲೆ ತಪ್ಪುತ್ತಿದ್ದಾಗ ಉಳಿದ ಬೋಧಕರು ಅವನನ್ನು ದಡ್ಡನೆಂದು ತೀರ್ಮಾನಿಸಿದ್ದರು. ಅವನಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲವೆಂಬುದನ್ನು ಗುರುತಿಸಿದವರು ಶಮಶೇರಸಾಬರು. ಕೆಂಪು ತಂತಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿಕೊಟ್ಟು ಪರೀಕ್ಷೆ ದಾಟಿಸಿದರು. ರಾಣೆಬೆನ್ನೂರಿನಲ್ಲಿ ತಬಸ್ಸುಮ್ ತರಬೇತಿಗೆ ಸೇರಿದಾಗ ಕಾರ್ಯಾಗಾರದ ಉಡುಪುಗಳೆಲ್ಲ ಗಂಡಸರ ಅಳತೆಯವೇ. ಗುರುಗಳ ಪತ್ನಿ ಬಿಬಿಜಾನ್ ಅವರು ಅವುಗಳಲ್ಲೊಂದನ್ನು ಬಿಚ್ಚಿ ತಮ್ಮ ಹೊಲಿಗೆ ಯಂತ್ರದಲ್ಲಿ ಆಕೆಯ ಅಳತೆಗೆ ಹೊಲಿದುಕೊಟ್ಟರು. ಅದೇ ತಬಸ್ಸುಮ್ ಈಗ ಅದೇ ಕಾರ್ಯಾಗಾರದಲ್ಲಿ ಬೋಧಕಿ.

ಗುರುಗಳು ಮೂರೂ ಊರುಗಳಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದ ಒಂದು ನಿಯಮವಿತ್ತು. ಕೆಲಸ ಪೂರ್ತಿಯಾಗದ ಗಾಡಿಯ ಸ್ಟೇರಿಂಗಿಗೆ ಒಂದು ಹಲಗೆ ತೂಗುಹಾಕಬೇಕು. ಅದರ ಮೇಲೆ ‘ಕೆಲಸ ಬಾಕಿ ಐತಿ’ ಎಂದು ಅವರೇ ಬಿಳಿ ಬಣ್ಣದಲ್ಲಿ ಬರೆದಿದ್ದರು. ಚಹಾ ಕುಡಿಯಲು ಹೋಗುವವನೂ ಹಲಗೆ ಹಾಕಿಯೇ ಹೋಗಬೇಕು. ಹಾಕದೆ ಹೋದವನನ್ನು ಅವರು ಬೈಯುತ್ತಿರಲಿಲ್ಲ, ದಿನವಿಡೀ ಮಾತಾಡಿಸುತ್ತಿರಲಿಲ್ಲ. ಅದು ಬೈಗುಳಕ್ಕಿಂತ ಕಠಿಣವಾಗಿತ್ತು.

ನಿವೃತ್ತಿಯ ದಿನ ಬೆಳಿಗ್ಗೆ ಮನೋಹರ ತನ್ನ ಬೂದುಬಣ್ಣದ ಗಾಡಿಯನ್ನು ರಾಣೆಬೆನ್ನೂರಿನ ಕಾರ್ಯಾಗಾರಕ್ಕೆ ತಂದಿದ್ದ. ಈಗ ಆತ ಬೀಜೋತ್ಪಾದನೆಯ ಕಂಪನಿಯೊಂದರಲ್ಲಿ ಹೊಲಗಳ ಮೇಲ್ವಿಚಾರಕ. ಎರೆಹೊಲದ ಕೆಸರಿನಲ್ಲಿ ಸಾಮಾನ್ಯ ಗಾಡಿ ಹೂತುಹೋಗುವುದರಿಂದ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುವಂಥ ಹಳೆಯ ಗಾಡಿಯೊಂದನ್ನು ಕೊಂಡಿದ್ದ. ಅದರ ಹಿಂದಿನ ಡಿಫರೆನ್ಶಿಯಲ್, ಎಂದರೆ ಹಿಂಗಾಲಿಗಳಿಗೆ ತಿರುವನ್ನು ಹಂಚಿಕೊಡುವ ಹಲ್ಲುಚಕ್ರಗಳ ಗಡ್ಡೆ, ಮೂತಿಯ ಬಳಿ ಎಣ್ಣೆ ಸೋರುತ್ತಿತ್ತು. ನಿಂತಲ್ಲೆಲ್ಲ ಕಪ್ಪು ಕಲೆ ಬೀಳುತ್ತಿತ್ತು.

“ಇವತ್ತ ನಿಮಗ ಸನ್ಮಾನ ಐತ್ರಿ ಸರ್. ನಾಳೆ ತಬಸ್ಸುಮ್ ಮೇಡಮ್ಮರ ಮಾಡ್ಲಿ,” ಎಂದ ಮನೋಹರ.

“ಸನ್ಮಾನ ಮಧ್ಯಾಹ್ನ ಐತಿ. ಬೆಳಿಗ್ಗಿ ನಾ ಇನ್ನೂ ನೌಕರ ಅದೇನಿ,” ಎಂದು ಗುರುಗಳು ತೋಳು ಮಡಚಿದರು.

ಆ ಕೆಲಸವನ್ನು ಅವರು ಎಷ್ಟು ಪ್ರೀತಿಯಿಂದ ಮಾಡಿದರೆಂಬುದನ್ನು ಸುತ್ತ ನಿಂತಿದ್ದವರೆಲ್ಲ ಕಂಡಿದ್ದಾರೆ. ಹಳೆಯ ಎಣ್ಣೆಯನ್ನು ತಟ್ಟೆಗೆ ಇಳಿಸಿದರು. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ದಂಡವನ್ನು ಗುರುತು ಹಾಕಿಕೊಂಡು ಬಿಚ್ಚಿದರು. ಮೂತಿಯ ನಟ್ಟನ್ನು ಸಡಿಲಿಸುವ ಮೊದಲು ಅದು ಕುಳಿತ ಜಾಗಕ್ಕೆ ಗೆರೆ ಕೊರೆದರು. ಮತ್ತೆ ಅದೇ ಗೆರೆಗೆ ಬಂದು ನಿಲ್ಲದಿದ್ದರೆ ಒಳಗಿನ ಬೇರಿಂಗಿನ ಬಿಗಿ ತಪ್ಪುತ್ತದೆಂದು ಹೇಳಿಕೊಟ್ಟರು. ಎಣ್ಣೆ ಹೊರಬರದಂತೆ ತಡೆಯುವ ಹಳೆಯ ಸೀಲಿನ ರಬ್ಬರು ಒಣ ರೊಟ್ಟಿಯ ಅಂಚಿನ ಹಾಗೆ ಸೀಳಿತ್ತು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಗಡ್ಡೆಯ ಮೇಲಿನ ಉಸಿರುಗೊಳವೆ ಎರೆಮಣ್ಣಿನಿಂದ ಮುಚ್ಚಿಹೋಗಿದ್ದನ್ನು ತೋರಿಸಿ, “ಒಳಗಿನ ಬಿಸಿ ಗಾಳಿಗೆ ಹಾದಿ ಇಲ್ಲಂದ್ರ ಅದು ಸೀಲನ್ನ ದೂಕ್ತೈತಿ. ಇದನ್ನ ಬಿಟ್ಟು ಹೊಸಾ ಸೀಲ್ ಹಾಕಿದ್ರ ಮತ್ತ ಸೋರತೈತಿ,” ಎಂದು ಅದನ್ನೂ ತೊಳೆದು ಊದಿದರು. ಹೊಸ ಸೀಲನ್ನು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಎಲ್ಲವನ್ನೂ ಮರಳಿ ಜೋಡಿಸಿ, ಎಣ್ಣೆ ತುಂಬುವಾಗ ಗಾಡಿ ಸಮತಟ್ಟಾಗಿರಬೇಕಾದ್ದರಿಂದ ಜಾಕು ಇಳಿಸಿ ನಾಲ್ಕೂ ಗಾಲಿಗಳನ್ನು ನೆಲಕ್ಕೆ ತಾಗಿಸಿದರು. ಉಳಿದದ್ದು ಎಣ್ಣೆ ತುಂಬುವುದೊಂದೇ.

ಆಗ ತಬಸ್ಸುಮ್ ಓಡಿಬಂದರು. “ಸರ್, ಮಂದಿ ಎಲ್ಲಾ ಬಂದಾರ. ಅಧ್ಯಕ್ಷರೂ ಕುಂತಾರ. ನಡೀರಿ.”

“ಎಣ್ಣಿ ಒಂದ ಹಾಕಿ ಬರ್ತೀನಿ ತಡಿ.”

“ಆಮ್ಯಾಲ ಹಾಕೀರಂತ ಬರ್ರಿ. ಗಾಡಿ ಏನ ಓಡಿ ಹೋಗತೈತೇನು?”

ಗುರುಗಳು ನಕ್ಕು, ಎಣ್ಣೆಯ ಡಬ್ಬವನ್ನು ಮೇಜಿನ ಮೇಲಿಟ್ಟು, ಕೀಲಿಯನ್ನು ಅಭ್ಯಾಸಬಲದಿಂದ ಗೋಡೆಯ ಮೊಳೆಗೆ ತೂಗುಹಾಕಿ, ಕೈ ತೊಳೆಯಲು ನಡೆದರು. ಹಲಗೆ ಮೂಲೆಯಲ್ಲೇ ಉಳಿಯಿತು.

ಸಭಾಂಗಣ ಕಿಕ್ಕಿರಿದಿತ್ತು. ಅವರ ತಲೆಗೆ ಪೇಟ ಸುತ್ತಿ, ಹೆಗಲಿಗೆ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ ಕೂರಿಸಿದರು. ಮುಂದಿನ ಸಾಲಿನಲ್ಲಿ ಬಿಬಿಜಾನ್ ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತಿದ್ದರು. ಪ್ರಾಚಾರ್ಯರಾದ ಪ್ರಭುಲಿಂಗಪ್ಪನವರು ಮಾತಿಗೆ ನಿಂತು, ಕೈಗೆತ್ತಿಕೊಂಡ ಕೆಲಸವನ್ನು ಕಿಲ್ಲೇದಾರ ಗುರುಗಳು ಅರ್ಧಕ್ಕೆ ಬಿಟ್ಟದ್ದನ್ನು ತಮ್ಮ ಇಡೀ ಸೇವಾವಧಿಯಲ್ಲಿ ಕಂಡಿಲ್ಲವೆಂದು ಹೇಳುತ್ತಿದ್ದರು. ಚಪ್ಪಾಳೆ ಬಿತ್ತು. ಇದೊಂದು ಉಳಿದೈತಿ, ಮುಗಿದ ಮೇಲೆ ಹೋಗಿ ಎಣ್ಣೆ ಹಾಕಬೇಕು ಎಂದು ಶಮಶೇರಸಾಬರು ಒಳಗೊಳಗೇ ನಗುತ್ತ ಪಕ್ಕದ ಬಾಗಿಲಿನ ಕಡೆ ನೋಡಿದರು. ತೆರೆದ ಬಾಗಿಲಿನಾಚೆ, ಬಿಸಿಲಿನಲ್ಲಿ, ಬೂದುಬಣ್ಣದ ಗಾಡಿ ಮೆಲ್ಲಗೆ ಹಾದು ಗೇಟಿನ ಹೊರಗೆ ತಿರುಗಿತು.

ಒಂದು ಗಳಿಗೆ ಅವರಿಗೆ ಅದು ಬೇರೆ ಯಾರದೋ ಗಾಡಿ ಎನಿಸಿತಂತೆ. ಬೇರೆಯದಾಗಿರಲಿ ಎಂದು ಬೇಡಿಕೊಂಡರಂತೆ. ಮರುಗಳಿಗೆ ಕುರ್ಚಿ ಹಿಂದಕ್ಕೆ ಉರುಳಿ, ಅವರು ವೇದಿಕೆಯಿಂದ ಹಾರಿ ಇಳಿದಿದ್ದರು.

ಪೇಟ, ಶಾಲು, ಹಾರಗಳ ಸಮೇತ ಸನ್ಮಾನಿತರು ಸಾಲುಗಳ ನಡುವೆ ಓಡುವುದನ್ನು ಕಂಡು ಸಭೆಗೆ ಸಭೆಯೇ ಬೆಚ್ಚಿ ಎದ್ದುನಿಂತಿತು. ಎದೆನೋವು ಬಂತೆಂದು ಯಾರೋ ಕೂಗಿದರು. ಬಿಬಿಜಾನ್ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ನೆಲಕ್ಕೆ ಬಿಟ್ಟು ಓಡಿದರು.

ಗೇಟಿಗೆ ಬರುವಷ್ಟರಲ್ಲಿ ಗಾಡಿ ಕಣ್ಮರೆಯಾಗಿತ್ತು. “ಮನೋಹರಗ ಫೋನ್ ಹಚ್ರಿ! ಗಾಡ್ಯಾಗ ಎಣ್ಣಿ ಇಲ್ಲ!” ಎಂದು ಅವರು ಕೂಗಿದರು. ತಬಸ್ಸುಮ್ ಕರೆ ಮಾಡಿದರು. ಫೋನು ಕಾರ್ಯಾಗಾರದೊಳಗೇ ಮೊಳಗಿತು. ಬೆಳಿಗ್ಗೆ ಚಾರ್ಜಿಗೆ ಹಚ್ಚಿದ್ದನ್ನು ಮನೋಹರ ಅಲ್ಲೇ ಮರೆತುಹೋಗಿದ್ದ. ಆಮೇಲೆ ತಿಳಿದದ್ದಿಷ್ಟು: ಹೊಲದ ಕೆಲಸದ ಹೆಂಗಸರು ಕಾಯುತ್ತಿದ್ದುದರಿಂದ ಆತ ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು ಗುರುಗಳಿಗೆ ದೂರದಿಂದಲೇ ಕೈಮುಗಿದು ಕಾರ್ಯಾಗಾರಕ್ಕೆ ಬಂದಿದ್ದ. ಗಾಡಿ ನೆಲದ ಮೇಲಿತ್ತು, ಸೀಲಿನ ಖಾಲಿ ಪೊಟ್ಟಣ ಬಿದ್ದಿತ್ತು, ಕೀಲಿ ಮೊಳೆಯ ಮೇಲಿತ್ತು, ಸ್ಟೇರಿಂಗಿನ ಮೇಲೆ ಹಲಗೆ ಇರಲಿಲ್ಲ. ಕಿಲ್ಲೇದಾರ ಗುರುಗಳ ಕಾರ್ಯಾಗಾರದಲ್ಲಿ ಹಲಗೆಯಿಲ್ಲದ ಗಾಡಿಯೆಂದರೆ ಕೆಲಸ ಮುಗಿದ ಗಾಡಿ. ಅವನಿಗೆ ಅನುಮಾನ ಬರುವ ಕಾರಣವೇ ಇರಲಿಲ್ಲ.

ಗುರುಗಳು ಹೆದ್ದಾರಿಯುದ್ದಕ್ಕೂ ಇರುವ ತಮ್ಮ ಶಿಷ್ಯರಿಗೆ ಫೋನು ಹಚ್ಚತೊಡಗಿದರು. ಮೋಟೆಬೆನ್ನೂರಿನ ಅಯಾಜ್‌ಗೆ ಹಚ್ಚಿದರೆ ಸಭಾಂಗಣದೊಳಗಿನಿಂದ ಗಂಟೆ ಕೇಳಿಸಿತು. ಟೈರಿನ ಅಂಗಡಿಯವನಿಗೆ ಹಚ್ಚಿದರೆ ಅದೂ ಒಳಗಿನಿಂದಲೇ ಕೇಳಿಸಿತು. ರಸ್ತೆಯಲ್ಲಿ ಗಾಡಿ ತಡೆಯಬಲ್ಲವರೆಲ್ಲ ಅಂಗಡಿಗಳಿಗೆ ಬೀಗ ಹಾಕಿ ಅವರ ಸನ್ಮಾನ ನೋಡಲು ಬಂದಿದ್ದರು. ಫೋನನ್ನು ಕಿವಿಗೆ ಹಿಡಿದು, ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಿದ್ದ ಆ ಮುಖಗಳನ್ನು ಮರೆಯಲಾಗಿಲ್ಲವೆಂದು ಗುರುಗಳು ಇಂದಿಗೂ ಹೇಳುತ್ತಾರೆ.

ಅಯಾಜ್ ಬೈಕ್ ಹತ್ತಿ ಹಾವೇರಿಯ ದಿಕ್ಕಿಗೆ ಧಾವಿಸಿದ. ಮನೋಹರನ ಹೊಲಗಳು ಹಾವೇರಿಯಾಚೆ ಗುತ್ತಲದ ಕಡೆಗಿದ್ದವು. ಅಂಗಳದಲ್ಲಿ ಒಂದರ ಹಿಂದೊಂದು ನಿಂತಿದ್ದ ಅತಿಥಿಗಳ ವಾಹನಗಳನ್ನು ಸರಿಸಿ ಪ್ರಾಚಾರ್ಯರ ಕಾರನ್ನು ಹೊರತೆಗೆಯಲು ಹೊತ್ತು ಹಿಡಿಯಿತು. ತಬಸ್ಸುಮ್ ಚಾಲಕರ ಸ್ಥಾನದಲ್ಲಿ, ಗುರುಗಳು ಪಕ್ಕದಲ್ಲಿ, ಪ್ರಭುಲಿಂಗಪ್ಪನವರು ಹಿಂದೆ.

“ಎಷ್ಟ ದೂರ ಹೋಗಬಹುದ್ರಿ ಸರ್?” ಎಂದು ತಬಸ್ಸುಮ್ ಕೇಳಿದರು.

“ಹಲ್ಲಿಗೆ ಅಂಟಿದ ಜಿಡ್ಡ ಇರೂತನ,” ಎಂದರು ಗುರುಗಳು. ಆಮೇಲೆ ಏನಾಗುತ್ತದೆಂದು ತಬಸ್ಸುಮ್ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ, ಬೇರಿಂಗು ಕಾದು ಕೆಂಪಾಗಿ ಕಚ್ಚಿಕೊಂಡರೆ ಓಡುತ್ತಿರುವ ಗಾಡಿಯ ಹಿಂಗಾಲಿಗಳು ಕಟ್ಟಿಹಾಕಿದಂತೆ ನಿಂತುಬಿಡುತ್ತವೆಂದು ಅದೇ ಗುರುಗಳು ಅವರಿಗೆ ಕಲಿಸಿದ್ದರು.

ಕಾರು ಮೋಟೆಬೆನ್ನೂರಿನ ಬಳಿ ಬಂದಾಗ ಅಯಾಜ್‌ನ ಕರೆ ಬಂತು. ಹಾವೇರಿ ಹತ್ತಿರವಾದರೂ ಗಾಡಿಯ ಸುಳಿವಿಲ್ಲ. ಕ್ರಾಸಿನ ಚಹಾದಂಗಡಿಯ ಶರೀಫಾಬಿಯನ್ನು ವಿಚಾರಿಸಿದಾಗ, “ಬೂದಿ ಬಣ್ಣದ್ದಲ್ಲೇನ್ರಿ? ಆಗಳೇ ಬ್ಯಾಡಗಿ ಕಡೆ ಹೊಳ್ಳೇತಿ. ಏನ ಅದು, ಕುಂಯ್ ಅಂತ ಒದರಾಕತ್ತಿತ್ತು,” ಎಂದಳು. ಹೆಂಗಸರು ಬ್ಯಾಡಗಿಯವರೆಂಬುದು, ಅವರನ್ನು ಹತ್ತಿಸಿಕೊಂಡೇ ಆತ ಹೊಲಕ್ಕೆ ಹೋಗುತ್ತಾನೆಂಬುದು ಯಾರಿಗೂ ಹೊಳೆದಿರಲಿಲ್ಲ.

ಬ್ಯಾಡಗಿ ರಸ್ತೆಗೆ ತಿರುಗಿ ಬಹಳ ದೂರ ಹೋಗಬೇಕಾಗಲಿಲ್ಲ. ಡಾಂಬರಿನ ಮೇಲೆ ಮೊದಲು ಕಂಡದ್ದು ಎರಡು ಕಪ್ಪು ಗೆರೆಗಳು. ಅವು ನೆಟ್ಟಗೆ ಬಂದು, ಒಮ್ಮೆಲೇ ಓರೆಯಾಗಿ, ರಸ್ತೆಯ ಅಂಚನ್ನು ದಾಟಿದ್ದವು. ಅವುಗಳ ತುದಿಯಲ್ಲಿ, ಹೆಂಗಸರನ್ನು ಹತ್ತಿಸಿಕೊಂಡು ಬ್ಯಾಡಗಿಯಿಂದ ಮರಳುತ್ತಿದ್ದ ಗಾಡಿ ಚರಂಡಿಗೆ ಮೂತಿಯಿಟ್ಟು ಓರೆಯಾಗಿ ನಿಂತಿತ್ತು. ಸುಟ್ಟ ಕಬ್ಬಿಣದ ವಾಸನೆ ಅಡರಿತ್ತು. ಮನೋಹರ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದ. ಹೆಂಗಸರು ರಸ್ತೆಯ ಬದಿಯ ಹುಲ್ಲಿನಲ್ಲಿ ಕುಳಿತಿದ್ದರು. ಒಬ್ಬಳ ಹಣೆ ಊದಿತ್ತು, ಇನ್ನೊಬ್ಬಳು ಸುಮ್ಮನೆ ಗಾಳಿಯನ್ನು ನೋಡುತ್ತಿದ್ದಳು. ಎಲ್ಲರಿಗಿಂತ ಹಿರಿಯಳಾದ ಹೊಳಿಯವ್ವ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು. ಆ ಕೈ ಇರಬೇಕಾದ ರೀತಿಯಲ್ಲಿರಲಿಲ್ಲ.

ಗುರುಗಳು ಕಾರಿನಿಂದಿಳಿದು ಒಬ್ಬೊಬ್ಬರ ಮುಖವನ್ನೂ ಎಣಿಸುವವರಂತೆ ನೋಡಿದರು. ಎಲ್ಲರೂ ಉಸಿರಾಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ಅವರು ಹೊಳಿಯವ್ವನ ಮುಂದೆ ನೆಲಕ್ಕೆ ಕುಳಿತರು.

ಹೊಳಿಯವ್ವ ಪೇಟವನ್ನೂ ಹಾರವನ್ನೂ ನೋಡಿ, “ಯಾರಪಾ ನೀ? ಮದುಮಗನಂಗ ಬಂದು ಕುಂತಿಯಲ್ಲ,” ಎಂದಳು.

“ಗಾಡಿ ರಿಪೇರಿ ಮಾಡಿದಾಂವ ನಾನವ್ವಾ. ಎಣ್ಣಿ ಹಾಕಿದ್ದಿಲ್ಲ. ಬಾಕಿ ಐತಿ ಅಂತ ಬೋರ್ಡ್ ಹಾಕೂದ ಮರ್ತೆ.”

ಮನೋಹರ ಮುಂದೆ ಬಂದು, “ಇಲ್ಲರಿ ಸರ್, ತಪ್ಪ ನಂದು. ಕೇಳದ ತಗೊಂಡ ಬಂದೆ,” ಎಂದ. ಗುರುಗಳು ಅವನತ್ತ ನೋಡದೆ ಕೈಯೆತ್ತಿ ಸುಮ್ಮನಿರಿಸಿದರು.

ಹೊಳಿಯವ್ವನಿಗೆ ನೋವಿಗಿಂತ ಆ ಮಾತೇ ಹೆಚ್ಚು ದಿಗ್ಭ್ರಮೆ ಹುಟ್ಟಿಸಿದಂತಿತ್ತು. “ಮರ್ತಿ? ನಾ ಉಪ್ಪ ಮರ್ತ್ರ ಸಾರು ಸಪ್ಪಗಾಗತೈತಿ. ನೀ ಮರ್ತ್ರ ಮಂದಿ ಸಾಯ್ತಾರಲ್ಲೋ ಯಪ್ಪಾ,” ಎಂದಳು. ದನಿ ಎತ್ತರಿಸಿಯೇನೂ ಹೇಳಲಿಲ್ಲ.

ಗುರುಗಳು ಹಾರವನ್ನು ತೆಗೆದರು, ಪೇಟವನ್ನು ತೆಗೆದರು. ಶಾಲನ್ನು ಮಡಿಸಿ ಅವಳ ಕೈಗೆ ಜೋಲಿ ಕಟ್ಟಿದರು.

ಹೆಂಗಸರನ್ನು ಬ್ಯಾಡಗಿಯ ಆಸ್ಪತ್ರೆಗೆ ಸಾಗಿಸಿದ ಮೇಲೆ, ಪೊಲೀಸರು ಬರುವ ಮುನ್ನ, ಪ್ರಭುಲಿಂಗಪ್ಪನವರು ಗುರುಗಳನ್ನು ಬೇವಿನ ಮರದ ಕೆಳಗೆ ಕರೆದೊಯ್ದರು. ಅವರು ಸಜ್ಜನರು, ಸಂಸ್ಥೆಯ ಹೆಸರಿಗೂ ಗೆಳೆಯನ ಭವಿಷ್ಯಕ್ಕೂ ಹೆದರಿದ್ದರು. “ಸೀಲ್ ಕಳಪಿ ಇತ್ತು, ಅದಕ್ಕ ಎಣ್ಣಿ ಎಲ್ಲಾ ಸೋರಿ ಹೋತು ಅನ್ನೋಣ್ರಿ. ಯಾರೂ ಬಿಚ್ಚಿ ನೋಡೂದಿಲ್ಲ. ನಿಮ್ಮ ನಿವೃತ್ತಿ ಕಾಗದಕ್ಕ ನಾ ಇನ್ನೂ ಸಹಿ ಮಾಡಿಲ್ಲ, ವಿಚಾರಣಿ ಅಂತ ಬಂದ್ರ ಎಲ್ಲಾ ತಡಿತೈತಿ,” ಎಂದರು.

ಆ ದಿನದ ಆಘಾತಗಳಲ್ಲಿ ಇದೇ ತಮಗೆ ಹೆಚ್ಚು ತಾಗಿತೆಂದು ಶಮಶೇರಸಾಬರು ಹೇಳುತ್ತಾರೆ. ಆ ಸುಳ್ಳು ಎಷ್ಟು ಸುಲಭವಾಗಿತ್ತೆಂಬುದು, ತಮ್ಮ ಮನಸ್ಸೂ ಅರೆಗಳಿಗೆ ಅದರತ್ತ ವಾಲಿತೆಂಬುದು. ಆಮೇಲೆ ಅವರು, “ಸೀಲ್ ಛಲೋ ಐತ್ರಿ ಸಾಹೇಬರ. ನಾನ ಕುಂದ್ರಿಸೇನಿ,” ಎಂದಷ್ಟೇ ಹೇಳಿ, ಬಂದ ಪೊಲೀಸರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದರು. ವಿಚಾರಣೆ ನಡೆಯಿತು. ನಿವೃತ್ತಿಯ ಸೌಲಭ್ಯಗಳು ತಡವಾಗಿ ಬಂದವು. ಅದನ್ನು ಕುರಿತು ಅವರು ಯಾರಲ್ಲೂ ಒಂದು ಮಾತು ಆಡಿದ್ದಿಲ್ಲ.

ಮರುವಾರ ಗಾಡಿಯನ್ನು ಕಾರ್ಯಾಗಾರಕ್ಕೆ ಎಳೆದುತಂದಾಗ, ಇನ್ನು ನೌಕರರಲ್ಲದ ಗುರುಗಳು ಪ್ರಾಚಾರ್ಯರ ಅನುಮತಿ ಕೇಳಿ ಒಳಗೆ ಬಂದರು. ಎಲ್ಲ ವಿದ್ಯಾರ್ಥಿಗಳನ್ನೂ ಸುತ್ತ ನಿಲ್ಲಿಸಿಕೊಂಡು ಡಿಫರೆನ್ಶಿಯಲ್ ಬಿಚ್ಚಿದರು. ಬೇರಿಂಗಿನ ಉರುಳೆಗಳು ಕರಗಿ ಚಪ್ಪಟೆಯಾಗಿದ್ದವು. ಹಲ್ಲುಗಳು ನೀಲಿಗಟ್ಟಿದ್ದವು. ಗುರುಗಳು ಮೂತಿಯ ಬಳಿ ಬೆರಳಾಡಿಸಿ ತೋರಿಸಿದರು. ಸೀಲು ಹೊರಗೆ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಬಿಡಲು ಒಳಗೆ ಏನೂ ಇರಲಿಲ್ಲ. “ಇದು ನಾ ಮಾಡಿದ ಕೆಲಸ. ಎಷ್ಟ ಚಂದ ಮಾಡೇನಿ ನೋಡ್ರಿ. ಇದನ್ನ ಮಾಡೂದ್ರಾಗ ನಾ ಅಷ್ಟ ಖುಷಿ ಆಗಿದ್ದೆ, ಅದಕ್ಕ ಉಳಿದದ್ದು ಸಣ್ಣದು ಅನಿಸಿತು,” ಎಂದರು. ಹೊಸ ಹಲ್ಲುಚಕ್ರಗಳನ್ನು ತರಿಸಿ, ಜೋಡಿಸಿ, ಎಣ್ಣೆಯನ್ನು ತುಂಬಿ ಹೊರಚೆಲ್ಲುವವರೆಗೆ ನಿಂತು ನೋಡಿ ಗಾಡಿಯನ್ನು ಮನೋಹರನಿಗೆ ಒಪ್ಪಿಸಿದರು.

ಇಷ್ಟಕ್ಕೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ಆದರೆ ಹೊಳಿಯವ್ವನನ್ನು ನೋಡಲು ಹೋದ ಗುರುಗಳಿಗೆ ಬೇರೊಂದು ಸಂಗತಿ ಗೊತ್ತಾಯಿತು. ಬೆಂಡೆಯ ಬೀಜೋತ್ಪಾದನೆಯ ಹೊಲದಲ್ಲಿ ಅವಳದು ಕ್ರಾಸಿಂಗ್ ಕೆಲಸ. ಸಂಜೆ ಮೊಗ್ಗಿನ ಒಳಗಿನ ಗಂಡು ಕೇಸರವನ್ನು ಉಗುರಿನಿಂದ ತೆಗೆದು ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗವನ್ನು ತಾಗಿಸಬೇಕು. ಹಂಗಾಮು ಭರದಲ್ಲಿತ್ತು. ಕೈಗೆ ಪಟ್ಟಿ ಬಿದ್ದವಳಿಗೆ ವಹಿಸಿದ ಗಿಡಗಳ ಸಾಲು ಇನ್ನೊಬ್ಬರ ಪಾಲಾಗುತ್ತದೆ; ಒಮ್ಮೆ ಹೋದ ಸಾಲು ಮುಂದಿನ ಹಂಗಾಮಿಗೂ ಮರಳುವುದು ಕಷ್ಟ.

ಮರುದಿನ ನಸುಕಿನಲ್ಲೇ ಗುರುಗಳು ಬುತ್ತಿ ಕಟ್ಟಿಕೊಡಲು ಕೇಳಿದಾಗ ಬಿಬಿಜಾನ್ ಎದುರಿಗೆ ಬಂದು ನಿಂತರು. “ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಈಗ ಕೂಲಿಗೆ ಹೋಗ್ತೀರಾ? ಜನ ಏನಂದುಕೊಂಡಾರು?” ಎಂದು ಮನೆಯ ಉರ್ದುವಿನಲ್ಲಿ ಕೇಳಿದರು.

“ನನ್ನ ಬಗ್ಗೆ ಜನ ಅಂದುಕೊಂಡದ್ದನ್ನ ಅವತ್ತು ವೇದಿಕೆ ಮೇಲೆ ಕೇಳಿದ್ದಾಯ್ತಲ್ಲ,” ಎಂದು ಅವರು ಬಸ್ಸಿಗೆ ಹೊರಟರು. ಬಿಬಿಜಾನ್ ಮುನಿದುಕೊಂಡೇ ಬುತ್ತಿಯನ್ನು ಇಬ್ಬರಿಗಾಗುವಷ್ಟು ಕಟ್ಟಿದ್ದರು.

ಹೊಲದ ಬದುವಿನ ಮೇಲೆ ಕೈಯನ್ನು ಜೋಲಿಯಲ್ಲಿಟ್ಟುಕೊಂಡು ಕುಳಿತಿದ್ದ ಹೊಳಿಯವ್ವ, ಸಾಲು ತನ್ನ ಕೈತಪ್ಪುವುದನ್ನು ನೋಡಲೆಂದೇ ಬಂದಿದ್ದಳು. ಗುರುಗಳನ್ನು ಕಂಡು ಕುಳಿತಲ್ಲಿಂದಲೇ ಕೇಳಿದಳು.

“ನೀ ಬಂದ ಏನ ಮಾಡಾಂವ?”

“ನೀ ಹೇಳವ್ವಾ, ನಾ ಮಾಡ್ತೀನಿ. ಸಾಲು ನಿಂದ ಇರ್ಲಿ.”

ಮನೋಹರ ಓಡಿಬಂದು, “ಸರ್, ನಾ ಮ್ಯಾಲ್ವಿಚಾರಕ, ನೀವು ಇಲ್ಲಿ... ನಾ ಹೆಂಗ ನೋಡ್ಲಿ?” ಎಂದು ಕಣ್ಣೀರು ತಂದುಕೊಂಡ.

“ನೋಡಬ್ಯಾಡ. ನನ್ನ ಹಾಜರಿ ಹೊಳಿಯವ್ವನ ಹೆಸರಿಲೆ ಹಚ್ಚು.”

ನಟ್ಟು ಬೋಲ್ಟುಗಳಿಗೆ ಪಳಗಿದ ಆ ಬೆರಳುಗಳಿಗೆ ಬೆಂಡೆಯ ಮೊಗ್ಗು ಹಿಡಿಯುವುದೇ ತಿಳಿಯಲಿಲ್ಲ. ಮೊದಲ ಸಂಜೆ ಮುರಿದ ಮೊಗ್ಗುಗಳೇ ಹೆಚ್ಚು. ಹೆಬ್ಬೆರಳ ಉಗುರನ್ನು ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ನಡುವಿನ ಎಳೆಯನ್ನು ನೋಯಿಸದೆ ಸುತ್ತಲಿನದನ್ನಷ್ಟೇ ಹೇಗೆ ಸುಲಿಯಬೇಕು ಎಂಬುದನ್ನು ಹೊಳಿಯವ್ವ ಬದುವಿನ ಮೇಲಿನಿಂದಲೇ ಕೂಗಿ ಹೇಳಿದಳು. “ಹಗೂರ್ಕ! ಅದೇನ ನಟ್ಟೇನೋ? ಮತ್ತೊಂದ ಮುರದಿ ನೋಡು!” ಎಂದು ಗದರಿದಳು. ಸಾಲಿನ ಉಳಿದ ಹೆಂಗಸರು ಮೊದಮೊದಲು ಸಂಕೋಚದಿಂದ ತಲೆ ತಗ್ಗಿಸಿದರು, ಆಮೇಲೆ ಬಾಯಿಗೆ ಸೆರಗಿಟ್ಟು ನಕ್ಕರು. ಗುರುಗಳು ಪ್ರತಿಯೊಂದು ಬೈಗುಳಕ್ಕೂ “ಹೂಂನವ್ವಾ” ಎಂದು ಮುಂದಿನ ಮೊಗ್ಗಿಗೆ ಕೈಹಾಕುತ್ತಿದ್ದರು. ಮಧ್ಯಾಹ್ನ ಬಿಬಿಜಾನ್ ಕಟ್ಟಿದ ಬುತ್ತಿಯನ್ನು ಬಿಚ್ಚಿ, ರೊಟ್ಟಿ ಮುರಿದು ಹೊಳಿಯವ್ವನ ಎಡಗೈಗೆ ಕೊಡುತ್ತಿದ್ದರು. ಹಲವು ದಿನ ಅವಳು ಮುಖ ತಿರುಗಿಸಿಕೊಂಡೇ ತಿಂದಳು. ಆಮೇಲೊಂದು ದಿನ, “ನಿನ್ನ ಹೇಣ್ತಿ ಪಲ್ಯಾ ಛಲೋ ಮಾಡ್ತಾಳ,” ಎಂದಳು.

ಹಂಗಾಮು ಮುಗಿಯುವವರೆಗೆ ಅವರು ತಪ್ಪದೆ ಹೋದರು. ಹೊಳಿಯವ್ವನ ಕೈ ಕೂಡಿದೆ, ಮೊದಲಿನಷ್ಟು ತಿರುಗುವುದಿಲ್ಲ. ಮಳೆ ಮೋಡ ಕವಿದಾಗ ನೋಯುತ್ತದೆಂದು ಆಕೆ ಈಗಲೂ ಗುರುಗಳ ಮುಖಕ್ಕೇ ಹೇಳುತ್ತಾಳೆ, ಅವರು ಕೇಳಿಕೊಳ್ಳುತ್ತಾರೆ. ಕ್ಷಮಿಸಿದೆನೆಂದು ಆಕೆ ಹೇಳಿಲ್ಲ, ಹೇಳೆಂದು ಅವರು ಕೇಳಿಲ್ಲ. ಆದರೆ ಅವಳ ಸಾಲು ಅವಳದಾಗಿಯೇ ಉಳಿದಿದೆ, ಅದರ ಪಕ್ಕದ ಸಾಲಿನಲ್ಲಿ ಮನೋಹರ, ಗುರುಗಳು ಬಂದಾರೆಂದು, ಪರಾಗದ ಹೂವಿನ ಒಂದು ಹೆಚ್ಚಿನ ಬುಟ್ಟಿಯನ್ನು ಇಡುವುದನ್ನು ರೂಢಿ ಮಾಡಿಕೊಂಡಿದ್ದಾನೆ.

ಇಂಥ ಹಿರಿಯರನ್ನು ಅಭಿನಂದಿಸುವುದು ಹೇಗೆಂದು ಸಮಿತಿ ಯೋಚಿಸಿದಾಗ, ಅವರನ್ನು ಬಲ್ಲವರೆಲ್ಲರಿಂದಲೂ ನಾಲ್ಕು ಮಾತು ಬರೆಸಿಕೊಳ್ಳಬೇಕೆಂದಾಯಿತು. ಪ್ರಾಚಾರ್ಯರು ಬರೆದರು, ಅಯಾಜ್ ಬರೆದ, ತಬಸ್ಸುಮ್ ಬರೆದರು. ಬ್ಯಾಡಗಿಗೆ ಹೋಗಿ ಹೊಳಿಯವ್ವನನ್ನು ಕೇಳಿದಾಗ ಆಕೆ ಜೋಳ ಹಸನು ಮಾಡುತ್ತ ಕುಳಿತಿದ್ದಳು. ತಲೆಯೆತ್ತದೆ, “ಬರ್ಕೋರಿ. ಮಾಸ್ತರನ ಕೈ ಇನ್ನೂ ಒರಟ ಐತಿ. ಇನ್ನೊಂದ ಹಂಗಾಮ ನನ್ನ ಕೈಯಾಗ ಕಲತ್ರ ಸುಧಾರಸ್ತೈತಿ,” ಎಂದಳು.

ಅವಳ ಮಾತಿಗೆ ನಮ್ಮದನ್ನೂ ಕೂಡಿಸುತ್ತೇವೆ. ಶ್ರೀ ಶಮಶೇರಸಾಬ ಕಿಲ್ಲೇದಾರ ಗುರುಗಳಿಗೆ ಆ ಇನ್ನೊಂದು ಹಂಗಾಮು ದೊರೆಯಲಿ. ಅದು ಮುಗಿದ ಮೇಲೆ ಮತ್ತೊಂದು, ಅದರ ಬೆನ್ನಿಗೆ ಬಿತ್ತನೆಯಾಗುವ ಎಲ್ಲ ಹಂಗಾಮುಗಳೂ.